ಅವ್ವ ಮನೆ ಖಾಲಿ ಮಾಡಿದ ವರ್ಷ

ನನ್ನ ಸೊಸೆ ಫೋನಿನಲ್ಲಿ ಒಂದು ವಿಡಿಯೋ ನೋಡುತ್ತಿರುತ್ತಾಳೆ. ಅದರಲ್ಲಿ ಒಬ್ಬ ತೆಳ್ಳಗಿನ ಹೆಂಗಸು ಮನೆಯ ಸಾಮಾನನ್ನೆಲ್ಲ ನೆಲದ ಮೇಲೆ ಗುಡ್ಡೆ ಹಾಕಿಕೊಂಡು, ಒಂದೊಂದನ್ನೇ ಎತ್ತಿ ಹಿಡಿದು, ಇದು ಬೇಕೋ ಬೇಡವೋ ಎಂದು ತನ್ನನ್ನು ತಾನೇ ಕೇಳಿಕೊಳ್ಳುತ್ತಾಳೆ. ಬೇಡವಾದದ್ದನ್ನು ಚೀಲಕ್ಕೆ ಹಾಕುವಾಗ ನಗುತ್ತಾಳೆ. ಬಾಗಲಕೋಟೆಯ ನಮ್ಮ ಮನೆ ಸಣ್ಣದು, ನನ್ನ ಕಪಾಟು ದೊಡ್ಡದು. ಸೊಸೆಯ ಕಣ್ಣು ಅದರ ಮೇಲೆ ಬಹಳ ದಿನದಿಂದ ಇದೆ.

"ಅತ್ತೀ, ನೀವೂ ಒಮ್ಮಿ ಹಿಂಗ ಮಾಡ್ರಲ್ಲ. ಮನಸ್ಸು ಹಗರ ಆಕ್ಕೈತಂತ."

"ಹಗರ ಆಕ್ಕೈತಿ? ಆಕಿಗೇನು ಗೊತ್ತು ಬಿಡು. ನಮ್ಮವ್ವ ಇದ್ದಿದ್ರ ಆಕಿಗಿ ಕಲಿಸ್ತಿದ್ಲು."

ಸೊಸೆ ನಕ್ಕಳು. ನನಗೆ ಸಿಟ್ಟು ಬಂತು. ಸೊಸೆಯ ಮೇಲಲ್ಲ, ಆ ವಿಡಿಯೋದ ಹೆಂಗಸಿನ ಮೇಲೆ. ಸಾಮಾನು ತೆಗೆಯುವುದೆಂದರೆ ಏನೆಂದು ನಾನು ಸಾಲೆಯ ಎರಡನೆಯ ಇಯತ್ತೆಯಲ್ಲಿದ್ದಾಗಲೇ ನೋಡಿದ್ದೇನೆ. ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ.

ನಾನು ಹುಟ್ಟಿದ್ದು ಇಳಕಲ್ಲಿನ ನೇಕಾರರ ಓಣಿಯ ಮನೆಯಲ್ಲಿ. ಒಳಗೆ ಕಾಲಿಟ್ಟರೆ ಪಡಸಾಲೆ, ಪಡಸಾಲೆಯಲ್ಲಿ ಅಪ್ಪನ ಮಗ್ಗ. ಅಪ್ಪ ಮಗ್ಗದ ಕೆಳಗೆ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತರೆ ಸೊಂಟದಿಂದ ಮೇಲಷ್ಟೇ ಕಾಣುತ್ತಿದ್ದ. ಸಣ್ಣವಳಿದ್ದಾಗ ಅವನಿಗೆ ಕಾಲುಗಳಿವೆ ಎನ್ನುವುದೇ ನನಗೆ ಊಟದ ಹೊತ್ತಿಗೆ ನೆನಪಾಗುತ್ತಿತ್ತು. ಪಡಸಾಲೆ ದಾಟಿದರೆ ನಡುಮನೆ, ಅಲ್ಲಿ ದೇವರ ಜಗಲಿ, ಜಗಲಿಯ ಪಕ್ಕಕ್ಕೆ ಒಂದು ಹಸಿರು ಬಣ್ಣದ ಟ್ರಂಕು. ಟ್ರಂಕಿನ ಮೇಲೆ ಯಾರೂ ಕೂಡುವಂತಿಲ್ಲ, ಏನನ್ನೂ ಇಡುವಂತಿಲ್ಲ. ಅದರ ಕೀಲಿ ಅಪ್ಪನ ತಾಯಿಯ, ಅಂದರೆ ನಮ್ಮ ಆಯಿಯ ಸೊಂಟದಲ್ಲಿ. ಅದು ಸಿದ್ದವ್ವನ ಟ್ರಂಕು. ಸಿದ್ದವ್ವ ನಮ್ಮ ಅಪ್ಪನ ಮೊದಲ ಹೆಂಡತಿ. ಚೊಚ್ಚಲ ಹೆರಿಗೆಯಲ್ಲಿ ಕೂಸನ್ನೂ ಕರೆದುಕೊಂಡು ಹೋಗಿಬಿಟ್ಟವಳು. ನಾನು ಆಕೆಯನ್ನು ನೋಡಿಲ್ಲ. ಆದರೆ ಆ ಮನೆಯಲ್ಲಿ ಬದುಕಿದ್ದ ನಮ್ಮೆಲ್ಲರಿಗಿಂತ ಹೆಚ್ಚು ಜಾಗ ಆಕೆಯದಿತ್ತು. ಗೋಡೆಯ ಮಾಡದಲ್ಲಿ ಆಕೆಯ ಹೆಸರು ಹಾಕಿಸಿದ ತಂಬಿಗೆ, ಗೂಟಕ್ಕೆ ಆಕೆಯ ತವರಿನ ಚೀಲ, ನಮ್ಮ ಅವ್ವನ ಕೊರಳಲ್ಲಿ ಸವತಿ ತಾಳಿ.

ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಮೊದಲ ಹೆಂಡತಿ ಸತ್ತು ಎರಡನೆಯವಳು ಬಂದರೆ, ಸತ್ತವಳ ಹೆಸರಿನಲ್ಲಿ ಒಂದು ಬೆಳ್ಳಿಯ ತಗಡು ಮಾಡಿಸಿ, ಬಂದವಳು ಅದನ್ನು ತನ್ನ ತಾಳಿಯ ಜೊತೆಗೇ ಕಟ್ಟಿಕೊಳ್ಳಬೇಕು. ಕಿರುಬೆರಳಿನ ಉಗುರಿನಷ್ಟು ತಗಡು, ಅದರ ಮೇಲೆ ಕೈಮುಗಿದು ನಿಂತ ಹೆಂಗಸಿನ ಅಚ್ಚು. ಹೀಗೆ ಕಟ್ಟಿಕೊಂಡರೆ ಸವತಿ ಕಾಡುವುದಿಲ್ಲವಂತೆ. ಹಬ್ಬಕ್ಕೆ ಹೊಸ ಸೀರೆ ತಂದರೆ ಮೊದಲು ಸತ್ತವಳ ಮುಂದಿಟ್ಟು, ಅರಿಶಿನ ಕುಂಕುಮ ಹಚ್ಚಿ, ಆಕೆ ಉಟ್ಟಳು ಎಂದಾದ ಮೇಲೆ ಇವಳು ಉಡಬೇಕು. ಸೀರೆ ನೇಯುವ ಮನೆ ನಮ್ಮದು. ನಮ್ಮ ಅಪ್ಪ ತನ್ನ ಕೈಯಾರೆ ಅವ್ವನಿಗೆಂದು ನೇಯ್ದ ಸೀರೆಯೂ ಮೊದಲು ಆ ಹಸಿರು ಟ್ರಂಕಿನ ಮೇಲೆ ಹೋಗುತ್ತಿತ್ತು. ಅವ್ವ ಹಳೆಯ ಸೀರೆಯಲ್ಲೇ ಬಾಗಿಲ ಹತ್ತಿರ ನಿಂತು ಕಾಯುತ್ತಿದ್ದಳು.

"ಆಕಿ ಉಡಲಿ ತಡಿ. ನಿನಗೇನು ಗಡಿಬಿಡಿ?" ಎನ್ನುತ್ತಿದ್ದಳು ಆಯಿ.

ಒಮ್ಮೆ ಹಿತ್ತಲಲ್ಲಿ ಬಟ್ಟೆ ಒಗೆಯುವಾಗ ಅವ್ವ ತನ್ನಷ್ಟಕ್ಕೆ ತಾನೇ ಅಂದದ್ದನ್ನು ಕೇಳಿದ್ದೇನೆ. "ಈ ಮನ್ಯಾಗ ನಾ ಹೊಸಾದು ಉಟ್ಟೇ ಇಲ್ಲ. ಎಲ್ಲಾ ಆಕಿ ಬಿಚ್ಚಿ ಒಗದದ್ದು." ಆ ಸೀರೆಯನ್ನು ಆಕೆ ಕಲ್ಲಿಗೆ ಬಡಿದ ರೀತಿ ನೋಡಿ ನಾನು ದೂರ ಸರಿದು ನಿಂತೆ.

ನಾನು ಎರಡನೆಯ ಇಯತ್ತೆಯಲ್ಲಿದ್ದ ಆ ವರ್ಷ ಅವ್ವನಿಗೆ ಹೊಟ್ಟೆನೋವು ಹತ್ತಿತು. ಅಪ್ಪ ಮಗ್ಗ ನಿಲ್ಲಿಸಿ ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋದ. ನಾನು ಅತ್ತು ಕರೆದು ಬೆನ್ನು ಹತ್ತಿದ್ದೆ. ಡಾಕ್ಟರು ಅಪ್ಪನನ್ನು ಹೊರಗೆ ಕರೆದು ಮಾತಾಡಿದರು. ಹೊರಗೆ ಎಂದರೆ ನಡುವೆ ಒಂದು ಪರದೆ ಅಷ್ಟೇ. ಮಂಚದ ಮೇಲೆ ಮಲಗಿದ್ದ ಅವ್ವನಿಗೆ ಎಲ್ಲವೂ ಕೇಳಿಸಿತು. ಹೊಟ್ಟೆಯಲ್ಲಿ ಗಂಟು, ಈಗ ಕೊಯ್ದರೂ ಉಪಯೋಗವಿಲ್ಲ, ಮನೆಗೆ ಕರೆದುಕೊಂಡು ಹೋಗಿ ಉಣ್ಣುವಷ್ಟು ಉಣ್ಣಲಿ. ಅಪ್ಪ ಒಳಗೆ ಬಂದು, "ಗ್ಯಾಸ್ ಅಂತ," ಎಂದ. ಅವ್ವ "ಹೌದ್ರಿ?" ಎಂದು ಎದ್ದು ಸೆರಗು ಸರಿ ಮಾಡಿಕೊಂಡಳು. ತಿರುಗಿ ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಿತು. ಅವ್ವ ಅಪ್ಪನಿಗೆ ಕರದಂಟು ತರಲು ಹೇಳಿದಳು. ಯಾವಾಗಲೂ ನನಗೆ ಮುರಿದು ಕೊಟ್ಟು ಬೆರಳು ನೆಕ್ಕುತ್ತಿದ್ದವಳು ಅಂದು ಒಂದು ತುಂಡನ್ನು ತಾನೇ, ಕಿಟಕಿಯ ಕಡೆ ಮುಖ ಮಾಡಿ, ಪೂರ್ತಿ ತಿಂದಳು. ಅಪ್ಪ ಕಂಡಕ್ಟರನ ಬೆನ್ನನ್ನೇ ನೋಡುತ್ತ ಕುಳಿತಿದ್ದ.

ಮರುದಿನ ಬೆಳಿಗ್ಗೆ ಅವ್ವ ಶುರು ಹಚ್ಚಿದಳು. ಅಡುಗೆಮನೆಯ ಹಲಗೆಯಿಂದ ಪಾತ್ರೆಗಳನ್ನೆಲ್ಲ ಇಳಿಸಿ ಹರವಿಕೊಂಡದ್ದನ್ನು ಕಂಡು ಆಯಿಗೆ ಇದು ಹಬ್ಬದ ಕೆಲಸವೆನಿಸಿತು. ನಮ್ಮ ಕಡೆ ಮಾರ್ನಮಿಗೆ ಮೊದಲು ಮನೆಯನ್ನೆಲ್ಲ ಹೊರಗೆ ಹಾಕಿ, ಗೋಡೆಗೆ ಸುಣ್ಣ ಬಳಿದು, ಕೌದಿ ತೊಳೆದು ಒಳಗೆ ಹಾಕುವ ರೂಢಿ.

"ಮಾರ್ನಮಿಗಿ ಇನ್ನೂ ಭಾಳ ದಿನ ಐತಿ. ಈಗ್ಯಾಕ ಹರವಿಕೊಂಡು ಕುಂತಿ ನೀಲವ್ವಾ?"

"ಆವಾಗ ನಾ ಇರ್ತೇನೋ ಇಲ್ಲೋ ಅತ್ತೀ. ಈಗ ಮಾಡಿಬಿಡ್ತೇನಿ."

"ಬಿಡ್ತು ಅನ್ನ. ಏನ ಮಾತಂತ ಆಡ್ತಿ!"

ಅವ್ವ ಬಿಡ್ತು ಅನ್ನಲಿಲ್ಲ. ತವರಿನಿಂದ ತಂದ, ತನ್ನ ಹೆಸರು ಕೆತ್ತಿಸಿದ ಪಾತ್ರೆಗಳನ್ನೆಲ್ಲ ಬೇರೆ ಮಾಡಿ ಚೀಲಕ್ಕೆ ಹಾಕಿದಳು. ಬೋಗಾರರ ಅಂಗಡಿಗೆ ಹೊತ್ತುಕೊಂಡು ಹೋಗಿ, ಅವನ್ನು ಕೊಟ್ಟು ಹೆಸರಿಲ್ಲದ ಪಾತ್ರೆ ತಂದಳು. ಆಮೇಲೆ ಸೀರೆಗಳು. ಉಡಲು ಎರಡು ಇಟ್ಟುಕೊಂಡು ಉಳಿದವನ್ನು ಓಣಿಯ ಹೆಂಗಸರಿಗೆ ಹಂಚಿದಳು. ಕೊಡುವಾಗ ಒಬ್ಬೊಬ್ಬರಿಗೂ ಒಂದೇ ಮಾತು: "ಕೌದಿಗೆ ಹಾಕಬ್ಯಾಡ್ರಿ ಮತ್ತ. ಉಟ್ಟು ಹರೀರಿ." ನಡುಮನೆಯ ಗೋಡೆಗೆ ಮದುವೆಯಲ್ಲಿ ತೆಗೆಸಿದ ಫೋಟೋ ಇತ್ತು. ಅಪ್ಪನ ಪಕ್ಕದಲ್ಲಿ ತಾನು ಕುರ್ಚಿಯ ತುದಿಗೆ ಕುಳಿತದ್ದು. ಅದನ್ನು ಚೌಕಟ್ಟಿನಿಂದ ಬಿಚ್ಚಿ ಒಲೆಗೆ ಹಾಕಿ, ಅದೇ ಚೌಕಟ್ಟಿನಲ್ಲಿ ಬನಶಂಕರಿಯ ಕ್ಯಾಲೆಂಡರು ಸೇರಿಸಿದಳು. ತಲೆ ಬಾಚಿದಾಗ ಬಂದ ಕೂದಲನ್ನು ಉಂಡೆ ಮಾಡಿ ಹಿತ್ತಲ ಗೋಡೆಯ ಸಂದಿಗೆ ತುರುಕುವುದು ಹೆಂಗಸರ ರೂಢಿ. ಕೂದಲು ಕೊಳ್ಳುವವಳು ಬಂದರೆ ಸೂಜಿ ಪಿನ್ನು ಕೊಡುತ್ತಾಳೆ. ಅವ್ವ ಒಂದು ಮಧ್ಯಾಹ್ನ ಕಡ್ಡಿ ಹಿಡಿದುಕೊಂಡು ಒಂದೊಂದು ಸಂದಿಯಿಂದಲೂ ತನ್ನ ಕೂದಲಿನ ಉಂಡೆಗಳನ್ನು ಕೆದಕಿ ತೆಗೆದಳು. ಆಯಿಯ ಬಿಳಿಕೂದಲು ಸಿಕ್ಕರೆ ತಿರುಗಿ ಅಲ್ಲೇ ತುರುಕುತ್ತಿದ್ದಳು. ಅದನ್ನು ನೋಡಿದಾಗ ನನಗೆ ಮೊದಲ ಸಲ ಹೆದರಿಕೆಯಾಯಿತು.

ಕೌದಿಯ ದಿನ ನಾನು ಜಗಳ ತೆಗೆದೆ. ನಾನು ಹೊದ್ದುಕೊಳ್ಳುತ್ತಿದ್ದ ಕೌದಿ ಅವ್ವನ ಹಳೆಯ ಸೀರೆಗಳದ್ದು. ಕಾಲ ಕಡೆ ಒಂದು ಗಿಣಿಹಸಿರು ತುಂಡು, ತಲೆಯ ಕಡೆ ದಾಳಿಂಬೆ ಬಣ್ಣದ್ದು. ಆ ದಾಳಿಂಬೆ ತುಂಡನ್ನು ಮೂಗಿಗೆ ಒತ್ತಿಕೊಳ್ಳದೆ ನನಗೆ ನಿದ್ದೆ ಬರುತ್ತಿರಲಿಲ್ಲ. ಸಾಲೆ ಬಿಟ್ಟು ಬಂದಾಗ ಅವ್ವ ಪಡಸಾಲೆಯಲ್ಲಿ ಅದನ್ನು ತೊಡೆಯ ಮೇಲೆ ಹರವಿಕೊಂಡು, ಹೊಲಿಗೆ ಬಿಚ್ಚಿ ತನ್ನ ಸೀರೆಯ ತುಂಡುಗಳನ್ನೆಲ್ಲ ಕೀಳುತ್ತಿದ್ದಳು. ಆ ಜಾಗಕ್ಕೆ ಅಪ್ಪನ ಹಳೆಯ ಧೋತರದ ತುಂಡು ಹಚ್ಚುತ್ತಿದ್ದಳು. ನಾನು ಕೌದಿಯ ಮೇಲೆ ಬಿದ್ದು ಎರಡೂ ಕೈಯಿಂದ ಹಿಡಿದುಕೊಂಡೆ.

"ನಂದದು! ಕೊಡಾಂಗಿಲ್ಲ ನಾ!"

"ಬಿಡ ಗಂಗೀ. ಸೂಜಿ ಚುಚ್ಚತೈತಿ."

"ಎಲ್ಲಾ ಮಂದಿಗಿ ಕೊಟ್ಟಿ. ನನಗೇನು ಕೊಟ್ಟೀ ಬೇ? ನನಗೊಂದರ ಇಡು!"

ಅವ್ವ ಸೂಜಿಯನ್ನು ಸೆರಗಿಗೆ ಸಿಕ್ಕಿಸಿ ನನ್ನ ಗದ್ದ ಹಿಡಿದಳು. ಮಗ್ಗದ ಸಪ್ಪಳ ನಿಂತಿತ್ತು.

"ಕೇಳಿಲ್ಲಿ. ನಾ ಹೋದ ಮ್ಯಾಲೆ ನಿಮ್ಮಪ್ಪ ಇನ್ನೊಬ್ಬಾಕಿನ್ನ ತರ್ತಾನ. ತರಬೇಕು, ನಿನಗ ರೊಟ್ಟಿ ಯಾರು ಬಡೀತಾರ? ಆಕಿ ಈ ಮನ್ಯಾಗ ಎಲ್ಲೆ ಕೈ ಇಟ್ರೂ ನಾ ಸಿಕ್ರ ಆಕಿಗಿ ಸಿಟ್ಟು ಬರ್ತೈತಿ. ನನ್ನ ಮ್ಯಾಲಿನ ಸಿಟ್ಟು ನಿನ್ನ ಮ್ಯಾಲೆ ತೀರಸ್ತಾಳ. ನನಗ ಗೊತ್ತೈತಿ. ಸಿದ್ದಕ್ಕಗ ಒಂದು ಕೂಸು ಉಳದಿದ್ರ ನಾ ಅದರ ಮ್ಯಾಲೆ ಕೈ ಮಾಡ್ತಿದ್ದೆ. ಖರೇನ ಹೇಳ್ತೇನಿ, ಮಾಡ್ತಿದ್ದೆ."

ಅಷ್ಟು ಹೇಳಿ ದಾಳಿಂಬೆ ತುಂಡನ್ನು ಕಿತ್ತಳು. ನಾನು ಆ ರಾತ್ರಿ ಹೊದ್ದುಕೊಳ್ಳದೆ ಮಲಗಿದೆ. ಇಷ್ಟು ವಯಸ್ಸಾದರೂ ಆ ಒಂದು ತುಂಡಿಗೆ ನಾನು ಅವ್ವನನ್ನು ಕ್ಷಮಿಸಿಲ್ಲ. ಆಕೆ ಹೇಳಿದ್ದು ತಿಳಿಯುತ್ತದೆ, ನನಗೂ ಸೊಸೆ ಬಂದಿದ್ದಾಳೆ, ಬುದ್ಧಿ ಬಂದಿದೆ. ಆದರೂ ಇಲ್ಲ.

ಕೊನೆಗೆ ಉಳಿದದ್ದು ಕೊರಳಲ್ಲಿದ್ದದ್ದು. ಸಿದ್ದವ್ವನ ಟ್ರಂಕಿಗೆ, ತಂಬಿಗೆಗೆ ಅವ್ವ ಕೈ ಹಚ್ಚಲಿಲ್ಲ. ಅವು ತನ್ನವಲ್ಲ ಎಂದಳು. ಆದರೆ ಸವತಿ ತಾಳಿ ತನ್ನ ಮೈಮೇಲಿನದು. ಬನಶಂಕರಿಗೆ ಹೋಗಿ ಬರುತ್ತೇನೆಂದು ಆಯಿಗೆ ಹೇಳಿ ನನ್ನನ್ನು ಕರೆದುಕೊಂಡು ಹೊರಟಳು. ದೇವಿಗೆ ಕೈಮುಗಿದ ಮೇಲೆ ಮಹಾಕೂಟಕ್ಕೆ ಹೋದೆವು. ಅಷ್ಟು ಹೊತ್ತಿಗೆ ಆಕೆಗೆ ನಾಲ್ಕು ಹೆಜ್ಜೆಗೊಮ್ಮೆ ಕೂಡಬೇಕಾಗುತ್ತಿತ್ತು. ಹೊಂಡದ ಮೆಟ್ಟಿಲ ಮೇಲೆ ಕುಳಿತು, ನೀರಿನಲ್ಲಿ ಕಾಲಿಟ್ಟು, ಸವತಿ ತಾಳಿಯ ದಾರವನ್ನು ಹಲ್ಲಿನಿಂದ ಕಡಿದಳು. ತಗಡನ್ನು ಅಂಗೈಯಲ್ಲಿಟ್ಟು ಸ್ವಲ್ಪ ಹೊತ್ತು ನೋಡಿದಳು. ಇಷ್ಟು ವರ್ಷ ಹೊತ್ತರೂ ಆ ಹೆಂಗಸಿನ ಮುಖವನ್ನು ಆಕೆ ಸರಿಯಾಗಿ ನೋಡಿರಲಿಲ್ಲವೇನೋ.

"ಹೋಗ ಯಕ್ಕಾ," ಎಂದಳು. "ನೀನೂ ದಣದಿ, ನಾನೂ ದಣದೆ."

ಅಂಗೈಯನ್ನು ನೀರಿನೊಳಗೆ ಇಳಿಸಿ ಬರಿಗೈ ತೆಗೆದಳು. ಆಮೇಲೆ ಜೋರಾಗಿ ಅತ್ತಳು. ಅಕ್ಕನನ್ನೇ ಕಳೆದುಕೊಂಡವಳಂತೆ ಅತ್ತಳು, ಸುತ್ತಲಿನವರು ಬಂದು ಏನಾಯಿತೆಂದು ನನ್ನನ್ನು ಕೇಳುವಷ್ಟು.

ಮನೆಗೆ ಬಂದ ಕೂಡಲೇ ಆಯಿಯ ಕಣ್ಣು ಸವತಿ ತಾಳಿ ಇಲ್ಲದ ಕೊರಳಿಗೆ ಹೋಯಿತು. ಆಕೆ ಬಾಯಿ ಬಡಿದುಕೊಂಡು ಓಣಿ ಕೂಡಿಸಿದಳು. ಅವ್ವ ಆ ಗದ್ದಲದ ನಡುವೆಯೇ ಅಪ್ಪನ ಮಗ್ಗದ ಮುಂದೆ ಹೋಗಿ ಕುಳಿತಳು.

"ನನ್ನ ಹೆಸರಿಲೆ ತಾಳಿ ಮಾಡಸಬ್ಯಾಡ್ರಿ. ಬರಾಕಿ ಕೊಳ್ಳಾಗ ನಾ ಜೋತಾಡಾಂಗಿಲ್ಲ. ಆಣಿ ಮಾಡ್ರಿ."

ಅಪ್ಪ ಕೈಯಲ್ಲಿದ್ದ ಲಾಳಿಯನ್ನು ಕೆಳಗಿಟ್ಟು ಆಕೆಯ ತಲೆಯ ಮೇಲೆ ಕೈಯಿಟ್ಟ. ಆ ಮಾರ್ನಮಿಗೆ ಮೊದಲೇ ಅವ್ವ ಹೋದಳು. ಸವತಿಯನ್ನು ನೀರಿಗೆ ಹಾಕಿದ್ದಕ್ಕೇ ಹೋದಳು ಎಂದು ಆಯಿ ಕೊನೆತನಕ ಹೇಳಿದಳು. ದಿನಕರ್ಮ ಮುಗಿದ ಮೇಲೆ ಸತ್ತವರ ಬಟ್ಟೆಬರೆ ದಾನ ಕೊಡಬೇಕೆಂದು ಹುಡುಕಿದರೆ ಮನೆಯಲ್ಲಿ ಏನೂ ಇರಲಿಲ್ಲ.

ಮುಂದಿನ ವರ್ಷ ಹುನಗುಂದದ ಕಡೆಯಿಂದ ಶಾರವ್ವ ಅಪ್ಪನ ಮೂರನೆಯ ಹೆಂಡತಿಯಾಗಿ ಬಂದಳು. ನಾನು ಚಿಗವ್ವ ಎಂದು ಕರೆದೆ. ಅಪ್ಪ ಆಣೆಗೆ ತಪ್ಪಲಿಲ್ಲ; ಆಕೆಯ ಕೊರಳಿಗೆ ಆಕೆಯ ತಾಳಿ ಒಂದೇ. ಅವ್ವನ ಲೆಕ್ಕದಂತೆ ಎಲ್ಲವೂ ಸುಸೂತ್ರವಾಗಿ ನಡೆಯಬೇಕಿತ್ತು. ಆದರೆ ಒಂದು ಮಾತು ನಮ್ಮ ಅವ್ವನಿಗೆ ಹೊಳೆದಿರಲಿಲ್ಲ. ಚಿಗವ್ವನಿಗೆ ಆ ಖಾಲಿ ಮನೆಯ ಹೆದರಿಕೆ ಹತ್ತಿತು. ಅವ್ವನಿಗೂ ಹಿಂದಿನವಳ ಟ್ರಂಕು, ತಂಬಿಗೆ ಎಲ್ಲ ಕಣ್ಣಮುಂದಿವೆ, ನಿನ್ನೆ ಮೊನ್ನೆ ಸತ್ತವಳದು ಒಂದು ಹಣಿಗೆಯೂ ಇಲ್ಲ! ಎಲ್ಲೋ ಮುಚ್ಚಿಟ್ಟಿದ್ದಾರೆ, ಏನೋ ಮಾಡಿದ್ದಾರೆ ಎಂದು ಆಕೆ ಗೋಡೆಯ ಸಂದಿಗಳನ್ನು, ಕಾಳು ತುಂಬುವ ಹಗೇವಿನ ತಳವನ್ನು, ಜಗಲಿಯ ಹಿಂಭಾಗವನ್ನು ತಡಕಾಡುವುದನ್ನು ನಾನು ನೋಡುತ್ತಿದ್ದೆ. ನನ್ನನ್ನು ಹತ್ತಿರ ಕೂಡಿಸಿಕೊಂಡು ಬೆಲ್ಲ ಕೊಟ್ಟು ಕೇಳುತ್ತಿದ್ದಳು.

"ನಿಮ್ಮವ್ವನ ಸಾಮಾನು ಎಲ್ಲೆ ಇಟ್ಟೀರಿ? ನಾ ಯಾರಿಗೂ ಹೇಳಾಂಗಿಲ್ಲ."

"ಏನೂ ಇಲ್ಲ ಚಿಗವ್ವಾ."

"ಏನೂ ಇಲ್ಲಂದ್ರ ಹೆಂಗ? ಇದ್ದಾಕಿ ಎಲ್ಲೆರ ಇರಬೇಕಲ್ಲ."

ಆಕೆಗೆ ಗಂಡು ಹುಟ್ಟಿತು. ತೊಟ್ಟಿಲಿಗೆ ಹಾಕಿದ ಮೇಲೆ ಕೂಸು ಹಾಲು ಕಕ್ಕಲು ಶುರು ಮಾಡಿತು. ದವಾಖಾನೆಯ ಔಷಧ ತಾಗಲಿಲ್ಲ. ಇದಕ್ಕಾಗಿಯೇ ಕಾದವಳಂತೆ ಆಯಿ ಎದ್ದು ನಿಂತಳು: ಒಬ್ಬಾಕಿನ್ನ ನೀರಿಗೆ ಒಗದೀರಿ, ಇನ್ನೊಬ್ಬಾಕಿಗಿ ಜಾಗಾನ ಕೊಟ್ಟಿಲ್ಲ, ಇಬ್ಬರೂ ಕೂಡಿ ತೊಟ್ಟಿಲಿಗೆ ಕೈ ಹಾಕ್ಯಾರ. ಅಪ್ಪ ಆಣೆಯ ಮಾತು ತೆಗೆದ. ಚಿಗವ್ವ ಕೂಸನ್ನು ಅಪ್ಪನ ತೊಡೆಯ ಮೇಲಿಟ್ಟಳು.

"ಆಣಿ ದೊಡ್ಡದೋ ಇದು ದೊಡ್ಡದೋ ನೀವ ಹೇಳ್ರಿ."

ಅಂದೇ ಪತ್ತಾರನ ಹತ್ತಿರ ಹೋಗಿ ಅಪ್ಪ ಎರಡು ಸವತಿ ತಾಳಿ ಮಾಡಿಸಿಕೊಂಡು ಬಂದ, ಒಂದು ಸಿದ್ದವ್ವನದು, ಒಂದು ನೀಲವ್ವನದು. ಎರಡಕ್ಕೂ ಒಂದೇ ಅಚ್ಚು, ಅದೇ ಕೈಮುಗಿದ ಹೆಂಗಸು. ಚಿಗವ್ವ ಎರಡನ್ನೂ ಕಣ್ಣಿಗೊತ್ತಿಕೊಂಡು ಕಟ್ಟಿಕೊಂಡಳು. ಆದರೂ ಕೂಸು ಉಳಿಯಲಿಲ್ಲ. ಮಣ್ಣು ಮಾಡಿ ಬಂದ ದಿನ ಆಕೆ ಒಲೆಯ ಮುಂದೆ ಕುಳಿತಿದ್ದಳು. ನಾನು ನೀರಿನ ತಂಬಿಗೆ ತೆಗೆದುಕೊಂಡು ಹೋಗಿ ಎದುರಿಗೆ ನಿಂತೆ. ಆಕೆ ತಲೆ ಎತ್ತಿ ನನ್ನನ್ನು ನೋಡಿದಳು, ಬಹಳ ಹೊತ್ತು. ಆಮೇಲೆ ಮೆಲ್ಲಗೆ, ಸಿಟ್ಟೇ ಇಲ್ಲದ ದನಿಯಲ್ಲಿ ಹೇಳಿದಳು.

"ಎಲ್ಲಾ ತಗದ್ಲಂತ ನಿಮ್ಮವ್ವ. ನಿನ್ನ ಮಾರಿ ಒಂದು ತಗಿಯಾಕ ಆಗಲಿಲ್ಲ ನೋಡು ಆಕಿಗಿ."

ನನ್ನ ಮುಖ ಅವ್ವನದೇ ಎಂದು ಓಣಿಯವರೆಲ್ಲ ಅನ್ನುತ್ತಿದ್ದರು. ಮೆಚ್ಚಿಗೆಯ ಮಾತೆಂದುಕೊಂಡಿದ್ದೆ. ಆ ದಿನದಿಂದ ಚಿಗವ್ವ ನನ್ನ ಮುಖ ನೋಡುವುದನ್ನು ಬಿಟ್ಟಳು. ಹೊಡೆಯಲಿಲ್ಲ, ಉಪವಾಸ ಹಾಕಲಿಲ್ಲ. ಅನ್ಯಾಯದ ಮಾತು ಆಡಬಾರದು. ಬಿಸಿ ರೊಟ್ಟಿ ನನ್ನ ತಾಟಿಗೆ ಬೀಳುತ್ತಿತ್ತು, ಹಾಕುವವಳ ಕಣ್ಣು ಗೋಡೆಯ ಮೇಲಿರುತ್ತಿತ್ತು. ಹೆರಳು ಹಾಕುವಾಗ ಮಾತ್ರ ಆಕೆಯ ಕೈ ಮೆತ್ತಗಿರುತ್ತಿತ್ತು, ಹಿಂದೆ ಕುಳಿತರೆ ಮುಖ ಕಾಣುವುದಿಲ್ಲವಲ್ಲ. ನಾನು ದಿನಕ್ಕೆ ಎರಡು ಸಲ ಹೆರಳು ಬಿಚ್ಚಿಕೊಂಡು ಹೋಗಿ ಆಕೆಯ ಮುಂದೆ ಬೆನ್ನು ಹಾಕಿ ಕೂಡುತ್ತಿದ್ದೆ. ಇಂದಿಗೂ ಯಾರಾದರೂ ನನ್ನ ಮುಖವನ್ನು ನೆಟ್ಟಗೆ ನೋಡಿ ಮಾತಾಡಿದರೆ ನಾನು ಸೆರಗು ಎಳೆದುಕೊಳ್ಳುತ್ತೇನೆ. ಮೂವತ್ತು ವರ್ಷ ಸಾಲೆಯಲ್ಲಿ ಕಲಿಸಿದವಳು ನಾನು, ಹೆಚ್ಚಿನ ಪಾಠವನ್ನು ಬೋರ್ಡಿನ ಕಡೆ ಮುಖ ಮಾಡಿಯೇ ಹೇಳಿದೆ.

ಚಿಗವ್ವನಿಗೆ ಮತ್ತೆ ಮಕ್ಕಳಾಗಲಿಲ್ಲ. ಆಯಿ ಹೋದಳು, ಅಪ್ಪ ಹೋದ, ಮಗ್ಗದ ಕುಣಿಗೆ ಮಣ್ಣು ತುಂಬಿಸಿದ್ದಾಯಿತು. ಪ್ರತಿದಿನ ಜಳಕ ಮಾಡಿ ಬಂದು ಆಕೆ ತಗಡುಗಳನ್ನು ಒಂದೊಂದಾಗಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು, "ಬಲಕ್ಕ ಸಿದ್ದಕ್ಕ, ಎಡಕ್ಕ ನೀಲಕ್ಕ" ಎಂದು ಗಟ್ಟಿಯಾಗಿ ಹೇಳುತ್ತ. ಅಪ್ಪ ಹೋದ ಮೇಲೆ ಕೊರಳಿಂದ ತನ್ನ ತಾಳಿ ತೆಗೆದರೂ ಅವೆರಡನ್ನು ತೆಗೆಯಲಿಲ್ಲ. ಹಾಸಿಗೆ ಹಿಡಿದ ವರ್ಷ ನಾನು ನೋಡಲು ಹೋದಾಗ ನನ್ನ ಕೈ ಎಳೆದು ಅವುಗಳ ಮೇಲಿಟ್ಟುಕೊಂಡಳು. ಅಂದು ಎಷ್ಟೋ ವರ್ಷಗಳ ನಂತರ ನನ್ನ ಮುಖ ನೋಡಿದಳು.

"ಎಡಕ್ಕಿದ್ದದ್ದು ನಿಮ್ಮವ್ವ. ಇಷ್ಟ ದಿನ ನಾ ಹೊತ್ತೇನಿ. ಇನ್ನ ನೀ ಹೊರು."

ನನಗೆ ಏನು ಸಂತೋಷವಾಯಿತೆಂದು ಹೇಳಲಿ! ಎರಡನೆಯ ಇಯತ್ತೆಯಲ್ಲಿ ಕೌದಿಯ ಮೇಲೆ ಬಿದ್ದು ಕೇಳಿದ್ದು ಈ ಮುದುಕಿಯ ಕೊರಳಿಂದ ಸಿಗುವುದಿತ್ತು. ಅವ್ವನ ಹೆಸರಿನದು ಒಂದಾದರೂ ನನ್ನದಾಗುವುದಿತ್ತು.

ಚಿಗವ್ವ ಹೋದ ಸುದ್ದಿ ಬಂದಾಗ ನಾನು ಬಾಗಲಕೋಟೆಯಲ್ಲಿದ್ದೆ. ಹೋಗಿ ಮುಟ್ಟುವ ಹೊತ್ತಿಗೆ ಓಣಿಯ ಹೆಂಗಸರು ಮೈತೊಳೆದು ಮುಗಿಸಿದ್ದರು. ಒಬ್ಬ ಹುಡುಗಿ, ಪಾಪ, ಬಹಳ ಕಾಳಜಿಯಿಂದ ಕೊರಳಿನ ದಾರ ಕತ್ತರಿಸಿ, ತಗಡುಗಳನ್ನು ಹುಣಸೆಹಣ್ಣು ಹಚ್ಚಿ ಉಜ್ಜಿ, ಹಳದಿ ಬಟ್ಟೆಯಲ್ಲಿ ಕಟ್ಟಿ ಇಟ್ಟಿದ್ದಳು.

"ಇದರಾಗ ಎಡಕ್ಕಿದ್ದದ್ದು ಯಾವುದವ್ವಾ?"

"ಯಾರಿಗೆ ಗೊತ್ರಿ ಟೀಚರ್? ಎರಡೂ ಒಂದ ಅದಾವಲ್ಲ."

ಹೆಣ ಎತ್ತುವ ಮೊದಲೇ ನಾನು ಕನ್ನಡಕ ಹಾಕಿಕೊಂಡು ಅಂಗಳದ ಬಿಸಿಲಿನಲ್ಲಿ ಅವನ್ನು ಹೊರಳಿಸಿ ಹೊರಳಿಸಿ ನೋಡಿದೆ. ಚಿಗವ್ವನ ಎದೆಯ ಬೆವರಿಗೆ ಎರಡೂ ಒಂದೇ ಸಮ ಸವೆದಿದ್ದವು. ಕೈಮುಗಿದ ಕೈಗಳು ತುಸು ಕಾಣುತ್ತಿದ್ದವು, ಮುಖ ಎರಡಕ್ಕೂ ಇರಲಿಲ್ಲ.

ಈ ವರ್ಷ ಆ ಮನೆಯನ್ನು ಪವರ್‌ಲೂಮಿನವರಿಗೆ ಕೊಟ್ಟೆ. ಖಾಲಿ ಮಾಡಲು ನಾನೊಬ್ಬಳೇ ಹೋದೆ, ಸೊಸೆಯನ್ನು ಬೇಡವೆಂದೆ. ಹಸಿರು ಟ್ರಂಕಿನ ಕೀಲಿ ಸಿಗಲಿಲ್ಲ, ಕಲ್ಲಿನಿಂದ ಹೊಡೆದೆ. ಮಡಿಕೆಯಲ್ಲೇ ಪುಡಿಯಾದ ಸೀರೆಗಳು, ತಳದಲ್ಲಿ ಒಮ್ಮೆಯೂ ಯಾರ ತಲೆಗೂ ಹಾಕದ, ಕೂಸಿನ ಒಂದು ಕುಂಚಿಗೆ. ಅದನ್ನು ಹೊರಗೆ ಎಸೆಯಲು ನನ್ನಿಂದಾಗಲಿಲ್ಲ, ಒಲೆ ಹೊತ್ತಿಸಿ ಸುಟ್ಟೆ. ಹಿತ್ತಲ ಗೋಡೆಯ ಸಂದಿಗಳಲ್ಲಿ ಬೆರಳು ಹಾಕಿ ನೋಡಿದೆ. ಅವ್ವ ಅಚ್ಚುಕಟ್ಟಾಗಿ ಕೆಲಸ ಮಾಡಿದ್ದಳು. ಬಿಳಿಕೂದಲಷ್ಟೇ ಸಿಕ್ಕಿತು.

ಮರುದಿನ ತಗಡುಗಳನ್ನು ಕಟ್ಟಿದ ಹಳದಿ ಬಟ್ಟೆ ತೆಗೆದುಕೊಂಡು ಬದಾಮಿಗೆ ಹೋಗಿ, ಟಂಟಂ ರಿಕ್ಷಾ ಹಿಡಿದು ಮಹಾಕೂಟಕ್ಕೆ ಹೋದೆ. ಹೊಂಡದಲ್ಲಿ ಹುಡುಗರು ಈಸುತ್ತಿದ್ದರು. ಅವ್ವ ಕುಳಿತ ಮೆಟ್ಟಿಲು ಯಾವುದೆಂದು ಗುರುತು ಹತ್ತಲಿಲ್ಲ, ಒಂದರ ಮೇಲೆ ಕುಳಿತೆ. ಎರಡನ್ನೂ ಇಟ್ಟುಕೊಂಡರೆ ಅವ್ವ ಇಲ್ಲಿಯೇ ಅತ್ತು ಬಿಟ್ಟು ಹೋದ ಸಿದ್ದವ್ವನನ್ನು ಮತ್ತೆ ಮನೆಗೆ ಕರೆದುಕೊಂಡು ಹೋದಂತೆ. ಎರಡನ್ನೂ ಬಿಟ್ಟರೆ ಅವ್ವನ ಹಟ ಗೆದ್ದಂತೆ, ನನಗೆ ಏನೂ ಇಲ್ಲದಂತೆ. ಮತ್ತೊಮ್ಮೆ ಸೋಲಲು ನಾನು ತಯಾರಿರಲಿಲ್ಲ. ಕಣ್ಣು ಮುಚ್ಚಿ ಬಟ್ಟೆಯೊಳಗೆ ಕೈ ಹಾಕಿದೆ. ಬೆರಳಿಗೆ ಸಿಕ್ಕದ್ದನ್ನು ನೀರಿಗೆ ಬಿಟ್ಟೆ. "ಹೋಗಬೇ" ಎಂದೆ. ಅಷ್ಟೇ ಹೇಳಲು ಬಂತು, ಯಾರಿಗೆ ಹೇಳುತ್ತಿದ್ದೇನೆ ಎನ್ನುವುದು ಗೊತ್ತಿದ್ದರಲ್ಲವೇ ಮುಂದಿನ ಮಾತು.

ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಿತು. ಮನೆಯ ಕೀಲಿ ಒಪ್ಪಿಸಲು ಇಳಕಲ್ಲಿಗೆ ಹೊರಟಿದ್ದೆ. ಕಿಟಕಿಯ ಹೊರಗೆ ಕರದಂಟಿನ ಅಂಗಡಿಗಳು. ಇಳಿಯಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ನಿದ್ದೆ ಹೋಗಿದ್ದಾಳೆಂದು ಖಾತ್ರಿ ಮಾಡಿಕೊಂಡು, ಮುಷ್ಟಿ ಬಿಚ್ಚಿ, ಉಳಿದವಳನ್ನು ಕೇಳಿದೆ.

"ಯಾರಬೇ ನೀ?"